ಕ್ಯೋಟೋದಲ್ಲಿ ಕಟ್ಟಿದ ತೊಟ್ಟಿಲು

ಹ್ಯೂಸ್ಟನ್ ಬಿಟ್ಟು, ಲಾಸ್ ಏಂಜಲೀಸ್‌ನಲ್ಲಿ ವಿಮಾನ ಬದಲಿಸಿ, ಒಸಾಕದಲ್ಲಿ ಇಳಿದಾಗ ಮರುದಿನದ ಸಂಜೆಯಾಗಿತ್ತು. ಅಲ್ಲಿಂದ ಕ್ಯೋಟೋಗೆ ರೈಲಿನಲ್ಲಿ ಒಂದೂಕಾಲು ಗಂಟೆ. ಮೂರು ತಿಂಗಳು ನಮ್ಮ ಜೊತೆಗಿದ್ದ ಅತ್ತೆಯನ್ನು ಮೈಸೂರಿಗೆ ಬಿಡಲು ನಾನೂ ಹೆಂಡತಿ ಸುಧಾಳೂ ಹೊರಟಿದ್ದೆವು. ದಾರಿಯಲ್ಲಿ ಎರಡು ದಿನ ಆ ಹಳೆಯ ಊರನ್ನು ನೋಡುವುದೆಂದಾಗಿತ್ತು.

ಅತ್ತೆಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅವರು ಬರುವ ಮೊದಲು, ಮಾರ್ಚಿನಲ್ಲಿ, ಸುಧಾಳ ನಾಲ್ಕು ತಿಂಗಳ ಬಸುರು ಹೋಗಿತ್ತು. ಅವರಿಗೆ ಬಿಪಿ ಇದೆ, ಹೇಳುವುದು ಬೇಡ ಎಂದವನು ನಾನು.

ಬೆಳಿಗ್ಗೆ ಸಿಟಿ ಬಸ್ಸು ಹತ್ತಿದೆವು. ಆಗಸ್ಟಿನ ಬಿಸಿಲು.

"ನಿಮ್ಮ ಹ್ಯೂಸ್ಟನ್ ಸೆಖೆನೂ ನಮ್ಜೊತೆ ಪ್ಲೇನ್ ಹತ್ತಿಬಿಡ್ತಾ, ಅಳಿಯಂದ್ರೇ?" ಎಂದರು ಅತ್ತೆ.

ಗುಡ್ಡದ ಮೇಲೆ ಮರದ ಕಂಬಗಳ ದೊಡ್ಡ ದೇವಸ್ಥಾನ. ಅನ್ನದುಂಡೆಗೆ ಚಟ್ನಿಪುಡಿ ಹಚ್ಚಿ ತಿಂದು ಹಿಂಬದಿಗೆ ಹೋದೆವು. ಅಲ್ಲಿ ಗೇಣುದ್ದದ ಕಲ್ಲಿನ ಮೂರ್ತಿಗಳು ಸಾಲಾಗಿ ನಿಂತಿದ್ದವು. ಎಲ್ಲದರ ಕತ್ತಿಗೂ ಎಳೆಮಕ್ಕಳಿಗೆ ಕಟ್ಟುವಂಥ ಕೆಂಪು ಬಟ್ಟೆ. ಮುಂದೆ ಗಿಲಕಿ, ಮಿಠಾಯಿ.

"ಮಕ್ಕಳ್ನ ಕೊಡೋ ದೇವ್ರು ಕಣೇ ಇದು!" ಎಂದು ಅತ್ತೆ ಕರವಸ್ತ್ರ ತೆಗೆದರು. ನಮ್ಮ ಕಡೆ ಮಕ್ಕಳ ಹರಕೆಗೆ ತೊಟ್ಟಿಲು ಕಟ್ಟುವಂತೆಯೇ ಅದರ ತುದಿಗಳನ್ನು ಗಿಡದ ಕೊಂಬೆಗೆ ಬಿಗಿದು, ಒಳಗೊಂದು ಕಲ್ಲಿಟ್ಟರು. "ಬರೋ ವರ್ಷ ಬಾಣಂತನಕ್ಕೆ ಬರ್ತೀನಿ, ನೋಡ್ತಿರು."

ಸುಧಾ ಅಲ್ಲಾಡಲಿಲ್ಲ.

ಗುಡಿಸುತ್ತಿದ್ದ ಮುದುಕಿಯೊಬ್ಬಳು ಪೊರಕೆ ಬದಿಗಿಟ್ಟು ಬಂದು, ತಲೆಬಾಗಿ, ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ ಹೇಳಿದಳು: "ಬೇಬಿ. ನಾಟ್ ಬಾರ್ನ್. ಮದರ್ ಕಮ್, ಸೇ ಸಾರಿ."

"ಏನಂತೆ?" ಅತ್ತೆ ನನ್ನನ್ನು ಕೇಳಿದರು.

ಒಳ್ಳೆಯದಾಗಲಿ ಎಂದರು ಅಂತ ಹೇಳಲು ಬಾಯಿ ತೆರೆದಿದ್ದೆ. ಸುಧಾ ಮೊದಲೇ ಹೇಳಿದಳು: "ಹುಟ್ಟೋಕ್ಮುಂಚೆ ಹೋಗ್ಬಿಟ್ಟ ಮಕ್ಕಳಿಗಂತಮ್ಮ ಇದು."

"ಅಯ್ಯೋ, ಶಿವನೇ!" ಅತ್ತೆ ಗಂಟಿಗೆ ಕೈ ಹಾಕಿದರು. ಸುಧಾ ಅವರ ಮಣಿಕಟ್ಟು ಹಿಡಿದಳು.

"ಬಿಚ್ಬೇಡಮ್ಮ. ನಂದೂ ಒಂದಿದೆ."

ಆಗ ನಾನು ಮೂರ್ತಿಗಳನ್ನು ಎಣಿಸತೊಡಗಿದ್ದು ನೆನಪಿದೆ. ಹತ್ತೊಂಬತ್ತರವರೆಗೆ ಬಂದಿದ್ದೆ.

"ಯಾವಾಗೇ?"

"ಮಾರ್ಚಲ್ಲಿ."

"ಮೂರು ತಿಂಗಳು ನಿನ್ನ ಕೈಲಿ ಅಡಿಗೆ ಮಾಡಿಸ್ಕೊಂಡು ಕೂತಿದ್ನಲ್ಲೇ ನಾನು!"

ಅವರು ಕೂಗಲಿಲ್ಲ. ಅಳಲೂ ಇಲ್ಲ. ಮಗಳ ತಲೆಯನ್ನು ಹೆಗಲಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತರು. ಅಷ್ಟು ತಿಂಗಳಲ್ಲಿ ಸುಧಾ ಸದ್ದು ಮಾಡಿ ಅತ್ತದ್ದನ್ನು ನಾನು ಕೇಳಿದ್ದು ಅಲ್ಲೇ ಮೊದಲು. ನಾನು ಮೂರು ಹೆಜ್ಜೆ ದೂರದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ. ಯಾಕೆ ಹಿಡಿದಿದ್ದೆನೋ ತಿಳಿಯದು.

"ಅಲ್ಯಾಕೆ ನಿಂತಿದೀರಿ?" ಎಂದರು ಅತ್ತೆ, ನನ್ನ ಕಡೆ ನೋಡದೆ. "ನಿಮ್ದೂ ಅಲ್ವೇ? ಬನ್ನಿ. ಒಂದ್ಸಲ ತೂಗಿ."