ಅವರ ಬೈಪಾಸು, ನನ್ನ ಓಣಿ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮ ಮನೆಯವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಸುಳ್ಳೇನಲ್ಲ ಬಿಡಿ. ಆದರೆ ಹೆಂಡತಿ ಮಧ್ಯಾಹ್ನವೆಲ್ಲ ಕಷ್ಟಪಟ್ಟು ಕಟ್ಟಿದ ತಾಮ್ರದ ಕುಲುಮೆಗಳನ್ನು ಸಂಜೆ ಬಂದು "ರಸ್ತೆಗೆ ಅಡ್ಡ ಬರ್ತಾವೆ" ಅಂತ ಕಿತ್ತುಹಾಕುವ ಗಂಡ ಸಿಕ್ಕಿದರೆ ಯಾವ ಹೆಂಗಸು ತಾನೇ ಬಾಯಿ ಮುಚ್ಚಿಕೊಂಡು ಕೂತಾಳು?

ಕುಲುಮೆ ಅಂದರೆ ನಿಜವಾದ ಕುಲುಮೆಯಲ್ಲ, ಕಂಪ್ಯೂಟರ್ ಆಟದ್ದು. ಆ ಆಟ ನನ್ನ ಪಾಲಿಗೆ ಬಂದದ್ದು ಡಾಕ್ಟರಮ್ಮನ ದೆಸೆಯಿಂದ.

ಚಳ್ಳಕೆರೆಯ ಒಂದು ಶಾಲೆಯಲ್ಲಿ ನಾನು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ಗಂಡ ಅಲ್ಲೇ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಸೂಪರ್‌ವೈಸರ್. ಮೊದಲ ಸಲ ಬಸುರಾದಾಗ ನಾಲ್ಕನೇ ತಿಂಗಳಿಗೆ ಕಳೆದುಕೊಂಡಿದ್ದೆ. ಮರುವರ್ಷ ಮತ್ತೆ ನಿಂತಿತು. ಡಾಕ್ಟರಮ್ಮ ನೋಡಿದವರೇ, "ಹೆರಿಗೆ ಆಗೋ ತನಕ ಮಂಚ ಬಿಟ್ಟು ಇಳಿಯಂಗಿಲ್ಲ. ಬಚ್ಚಲಿಗೆ ಹೋಗೋದೊಂದು ಬಿಟ್ಟು" ಅಂದರು. ಸುದ್ದಿ ಕೇಳಿದ ನಮ್ಮವ್ವ ಮೊಳಕಾಲ್ಮೂರಿನಿಂದ ಕಾರು ಮಾಡಿಕೊಂಡು ಬಂದಳು, ನಮ್ಮತ್ತೆಗೆ "ಬೇಜಾರು ಮಾಡ್ಕೋಬ್ಯಾಡ್ರಿ" ಅಂತ ಒಂದೇ ಮಾತು ಹೇಳಿದಳು, ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೇಬಿಟ್ಟಳು.

ನನ್ನ ತವರಲ್ಲಿ ನಡುಮನೆಯೇ ಮಗ್ಗದ ಮನೆ. ಅಪ್ಪ, ಅವ್ವ ಇಬ್ಬರೂ ರೇಷ್ಮೆ ಸೀರೆ ನೇಯುವವರು. ನನ್ನ ಮಂಚವನ್ನು ಮಗ್ಗದ ಪಕ್ಕಕ್ಕೇ ಹಾಕಿದರು, ಕಣ್ಣಳತೆಯಲ್ಲಿ ಇರಲಿ ಅಂತ. ನಾನು ಒಂದು ಕಾಲು ಕೆಳಗಿಟ್ಟರೆ ಸಾಕು, ಮಗ್ಗದ ಸದ್ದು ಟಕ್ಕನೆ ನಿಲ್ಲುತ್ತಿತ್ತು. "ಯಾಕೇ?" ಅನ್ನುತ್ತಿದ್ದಳು ಅವ್ವ, ಪೊಲೀಸರ ಹಾಗೆ.

ಅವ್ವನ ಕಾನೂನುಗಳು ಬೇರೆ. ಮಗು ಹುಟ್ಟೋ ತನಕ ಅದಕ್ಕೆ ಏನೂ ಕೊಳ್ಳಂಗಿಲ್ಲ. ಬಟ್ಟೆ ಇಲ್ಲ, ತೊಟ್ಟಿಲಿಲ್ಲ, ಗಿಲಕಿ ಇಲ್ಲ. ಹೆಸರಂತೂ ಬಾಯಲ್ಲಿ ಎತ್ತಂಗೇ ಇಲ್ಲ. ನಮ್ಮ ಕಡೆ ಇದು ಹೊಸದಲ್ಲ, ಎಲ್ಲರ ಮನೆಯಲ್ಲೂ ಇದೇ ಪದ್ಧತಿ. ನಮ್ಮ ಮನೆಯವರು ಒಂದು ಭಾನುವಾರ ನನ್ನ ನೋಡಲು ಬಂದಾಗ ಜೇಬಿನಿಂದ ಹೆಬ್ಬೆರಳಿನಷ್ಟುದ್ದದ ಒಂದು ಜೊತೆ ಕಾಲುಚೀಲ ತೆಗೆದರು. ಅವ್ವ ಹಾವು ಕಂಡವಳಂತೆ ಹಿಂದಕ್ಕೆ ಸರಿದು, "ಅಯ್ಯೋ ದೇವುಡಾ! ಅಳಿಯಂದ್ರೇ, ಮೊದ್ಲು ಅದನ್ನ ಹೊಸಲು ದಾಟಿಸ್ರಿ" ಅಂದಳು. ಪಾಪ, ಮನುಷ್ಯ ಎದ್ದು ಹೋಗಿ ಬೈಕಿನ ಪೆಟ್ಟಿಗೆಯಲ್ಲಿ ಇಟ್ಟು ಬಂದು ಊಟ ಮಾಡಿದರು.

ನಾನೂ ಅವ್ವನ ಪಕ್ಷವೇ. ಹೋದ ಸಲ ನಾವು ಮನೆಯ ಒಂದು ಮೂಲೆ ಖಾಲಿ ಮಾಡಿ, ಸೂರಿಗೆ ತೊಟ್ಟಿಲ ಕೊಂಡಿ ಹೊಡೆಸಿ ಕೂತಿದ್ದೆವು. ಆಮೇಲೆ ಆ ಕೊಂಡಿಯ ಕೆಳಗೆ ಕಸ ಗುಡಿಸುವುದಕ್ಕೂ ನನ್ನಿಂದ ಆಗುತ್ತಿರಲಿಲ್ಲ. ಈ ಸಲ ನಾನು ನಾಳೆಯ ಮಾತನ್ನೇ ಬಿಟ್ಟಿದ್ದೆ. ಈ ಮಗು ಉಳಿಯಬೇಕು, ಅಷ್ಟೇ. ಅದನ್ನು ಬಾಯಿ ಬಿಟ್ಟು ಯಾರ ಹತ್ತಿರವೂ ಅಂದಿರಲಿಲ್ಲ. ಗಂಡನೂ ಅನ್ನುತ್ತಿರಲಿಲ್ಲ. ಫೋನು ಮಾಡಿದರೆ "ಊಟ ಆಯ್ತಾ?" "ಆಯ್ತು." "ಮತ್ತೆ?" "ಮತ್ತೇನಿಲ್ಲ." ಅಷ್ಟಕ್ಕೇ ಫೋನು ಇಡುತ್ತಿದ್ದೆವು.

ಆಗ ಅವರೇ ಈ ಆಟ ಹಾಕಿಕೊಟ್ಟರು. ನಿಮ್ಮನ್ನು ಯಾವುದೋ ಗ್ರಹದ ಮೇಲೆ ಬರಿಗೈಲಿ ಇಳಿಸುತ್ತಾರೆ. ನೆಲ ಅಗೆದು ಕಬ್ಬಿಣ, ತಾಮ್ರ ತೆಗೆದು ಕರಗಿಸಬೇಕು, ಬೆಲ್ಟಿನ ಮೇಲೆ ಹರಿಸಿ ಮೆಷಿನ್ನುಗಳಿಗೆ ಉಣಿಸಬೇಕು. ಒಂದು ಮೆಷಿನ್ನು ಹಲ್ಲುಚಕ್ರ ಮಾಡಿದರೆ ಇನ್ನೊಂದು ಅದನ್ನು ತಗೊಂಡು ಇಂಜಿನ್ ಮಾಡುತ್ತದೆ. ಹೀಗೇ ಫ್ಯಾಕ್ಟರಿ ಬೆಳೆಸುತ್ತ ಹೋಗಿ ಕೊನೆಗೆ ಒಂದು ರಾಕೆಟ್ ಹಾರಿಸಬೇಕು. ನಡುವೆ ನಿಮ್ಮ ಹೊಗೆ ತಡೆಯಲಾರದ ಹುಳಗಳು ಬಂದು ಎಲ್ಲವನ್ನೂ ಕಡಿದುಹಾಕುತ್ತವೆ. ಫ್ಯಾಕ್ಟರಿ ಇರುವುದು ಚಳ್ಳಕೆರೆಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ. ನಾನು ಮೊಳಕಾಲ್ಮೂರಿನಿಂದ ಲ್ಯಾಪ್‌ಟಾಪಿನಲ್ಲಿ ಅದರೊಳಗೆ ಹೋಗಬಹುದು. ಹಗಲು ನನ್ನ ಪಾಳಿ, ಮಿಲ್ಲು ಮುಗಿಸಿ ಬಂದ ಮೇಲೆ ಅವರ ಪಾಳಿ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಓರಗಿತ್ತಿಯರು ಅಡುಗೆ ಮಾಡಿದಂತೆ.

ಜಗಳ ಹತ್ತಲು ವಾರ ಹಿಡಿಯಲಿಲ್ಲ.

ನಮ್ಮ ಮನೆಯವರಿಗೆ ಫ್ಯಾಕ್ಟರಿ ಅಂದರೆ ಎಣ್ಣೆ ಮಿಲ್ಲು. ಈ ಕಡೆ ಶೇಂಗಾ ಸುರಿದರೆ ಆ ಕಡೆ ಎಣ್ಣೆ, ಹಿಂಡಿ. ನಡುವೆ ಎಲ್ಲ ಒಂದೇ ಗೆರೆ. ಹಾಗಾಗಿ ಅವರು ಮೊದಲು ಮಾಡಿದ ಕೆಲಸ ಅಂದರೆ ಉದ್ದಕ್ಕೆ, ನೆಟ್ಟಗೆ, ಎಂಟು ಬೆಲ್ಟುಗಳ ಒಂದು ಹೆದ್ದಾರಿ. "ಇದು ಮೇನ್ ಲೈನು. ಎಲ್ಲಾ ಇದರ ಮ್ಯಾಲೇ ಹರೀಬೇಕು. ಯಾರಿಗೆ ಏನು ಬೇಕೋ ಪಕ್ಕದಾಗೆ ನಿಂತು ತಗೋಬೇಕು" ಅಂತ ಅಪ್ಪಣೆಯಾಯಿತು. ಎಂಟರಲ್ಲಿ ಆರು ಬೆಲ್ಟು ಖಾಲಿ. ಎರಡರ ಮೇಲೆ ಅಲ್ಲೊಂದು ಇಲ್ಲೊಂದು ಕಬ್ಬಿಣದ ತಗಡು ಎತ್ತಿನ ಗಾಡಿಯ ಹಾಗೆ ತೆವಳುತ್ತಿತ್ತು. ನಾನು ಅದಕ್ಕೆ ಬೈಪಾಸು ಅಂತ ಹೆಸರಿಟ್ಟೆ.

ನಾನು ಬೆಳೆದ ಬೀದಿಯಲ್ಲಿ ಫ್ಯಾಕ್ಟರಿಯೇ ಇಲ್ಲ, ಬೀದಿಗೆ ಬೀದಿಯೇ ಫ್ಯಾಕ್ಟರಿ. ನೂಲು ಒಂದು ಮನೆಯಲ್ಲಿ ಸುತ್ತುತ್ತಾರೆ, ಇನ್ನೊಂದು ಮನೆಯಲ್ಲಿ ಬಣ್ಣ ಅದ್ದುತ್ತಾರೆ, ಉದ್ದೆಳೆಗಳ ಹಾಸು ಮತ್ತೆಲ್ಲೋ ಹೂಡುತ್ತಾರೆ, ಸೀರೆ ನಮ್ಮ ಮನೆಯಲ್ಲಿ ಇಳಿಯುತ್ತದೆ. ನನ್ನ ಕೈ ಅದೇ ಬುದ್ಧಿ ಓಡಿಸಿತು. ತಾಮ್ರ ಸಿಕ್ಕ ಕಡೆಯೇ ಕುಲುಮೆ, ಕುಲುಮೆಯ ಬೆನ್ನಿಗೇ ತಂತಿ ಎಳೆಯುವ ಮೆಷಿನ್ನು, ಅದರ ಮಗ್ಗುಲಲ್ಲಿ ಒಂದು ಪೆಟ್ಟಿಗೆ. ಬೇಕಾದವರು ಪೆಟ್ಟಿಗೆಯಿಂದ ತಗೊಳ್ಳಲಿ. ಬೆಲ್ಟು ಸುತ್ತಿ, ಬಳಸಿ, ಇನ್ನೊಂದರ ಕೆಳಗೆ ನುಸುಳಿ ಹೋಗುತ್ತಿತ್ತು. ಇವತ್ತಿಗೆ ಎಷ್ಟು ಬೇಕೋ ಅಷ್ಟು. ಒಂದು ಅಂಗುಲ ಜಾಗ ಬಿಟ್ಟಿದ್ದರೆ ಕೇಳಿ.

"ಇದೇನೇ ಇದು, ಶಾವಿಗೆ ಚೆಲ್ಲಿದಂಗೆ?" ಅಂತ ಅವರು ಫೋನು ಮಾಡಿದರು.

"ನಡೀತೈತೋ ಇಲ್ಲೋ?"

"ನಡೀತೈತೆ. ಆದ್ರೆ ನಾಳೆ ಇನ್ನೊಂದು ಮೆಷಿನ್ ಇಡಬೇಕಂದ್ರೆ ಎಲ್ಲಿ ಇಡ್ತೀಯಾ? ಜಾಗ ಬಿಟ್ಕಂಡು ಕಟ್ಟಬೇಕು ಕಣೇ."

"ನಾಳೇದು ನಾಳೆ ನೋಡ್ಕಂಡ್ರಾಯ್ತು. ನೀವು ನಿಮ್ಮ ಬೈಪಾಸಿನಾಗೆ ಶೇಂಗಾ ಒಣಗಾಕ್ರಿ."

ಅವ್ವ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಣಿಯಿಂದಲೇ ಕತ್ತು ಚಾಚಿ ಪರದೆ ನೋಡಿದಳು. ನನ್ನ ಕಡೆಯದನ್ನು ನೋಡಿ, "ನಮ್ಮ ಬೀದಿ ಇದ್ದಂಗೈತೆ" ಅಂದಳು. ಅಳಿಯನದನ್ನು ನೋಡಿ, "ಇಲ್ಲೇನು ವಿಮಾನ ಇಳೀತೈತಾ?" ಅಂತ ಕೇಳಿದಳು. ಅಪ್ಪ ಮಾತ್ರ, ಗಂಡ ಹೆಂಡ್ತಿ ಮಧ್ಯೆ ಬರಬಾರದು ಅಂತ ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಇವರಿಬ್ಬರು ಸಾಲದು ಅಂತ ನಮ್ಮತ್ತೆ. ಹಗಲು ನಾನು ಆಡುವಾಗ ಆ ಮನೆಯ ಕಂಪ್ಯೂಟರನ್ನು ಯಾರೂ ಆರಿಸದ ಹಾಗೆ ಕಾಯುವ ಕೆಲಸ ಅವರದು. ಕಾಯುತ್ತ ಕಾಯುತ್ತ ನಕ್ಷೆಯಲ್ಲಿ ಉತ್ತರ ಯಾವುದು, ದಕ್ಷಿಣ ಯಾವುದು ಅಂತ ಮಗನಿಂದ ತಿಳಿದುಕೊಂಡಿದ್ದಾರೆ. ಒಂದು ದಿನ ಫೋನು: "ಅಲ್ಲವ್ವಾ, ಬಾಯ್ಲರ್ ತಗಂಡೋಗಿ ಈಶಾನ್ಯದಾಗೆ ಇಟ್ಟೀರಲ್ಲ! ಅದಕ್ಕೇ ಹುಳ ಬೀಳ್ತಾವೆ. ಬೆಂಕಿ ಆಗ್ನೇಯದಾಗೆ ಇರಬೇಕು." ನಾನು ನಕ್ಕು ಸುಮ್ಮನಾದೆ. ಮಗರಾಯ ಸುಮ್ಮನಾಗಲಿಲ್ಲ. ಅವರಮ್ಮನ ಮಾತಿಗೆ ಕಟ್ಟುಬಿದ್ದು, ಫ್ಯಾಕ್ಟರಿಗೆ ಕರೆಂಟು ಕೊಡುವ ಬಾಯ್ಲರುಗಳನ್ನೆಲ್ಲ ಆಗ್ನೇಯಕ್ಕೆ ಸಾಗಿಸಿದರು. ಅಲ್ಲಿ ಹನಿ ನೀರಿಲ್ಲ. ಕೆರೆಯಿಂದ ಅಲ್ಲಿಯ ತನಕ ಪೈಪು ಎಳೆಯುವಷ್ಟರಲ್ಲಿ ಕರೆಂಟು ಹೋಗಿ, ಫ್ಯಾಕ್ಟರಿಯೇ ಮಲಗಿ, ಹುಳಗಳು ಬಂದು ಬೈಪಾಸಿನ ಮೇಲೆ ಮೆರವಣಿಗೆ ಹೋದ ಹಾಗೆ ಹೋದವು.

"ನೀವೊಂದು ಕತ್ತೆ ಕಣ್ರೀ" ಅಂದೆ. ಬೈಯುವಾಗಲೂ ನಾನು ಮರ್ಯಾದೆ ಬಿಡುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಅವರ ದಾರಿಯಲ್ಲೂ ಸುಖವಿತ್ತು. ಎಲ್ಲಿ ಏನು ಕೆಟ್ಟಿದೆ ಅಂತ ದೂರದಿಂದಲೇ ಕಾಣುತ್ತಿತ್ತು. ನನ್ನ ಓಣಿಯಲ್ಲಿ ಒಂದು ಮೆಷಿನ್ನಿಗೆ ಯಾವುದೋ ಬೆಲ್ಟಿನಿಂದ ಕಟ್ಟಿಗೆ ಬಂದು ಸಿಕ್ಕಿಕೊಂಡಿದ್ದನ್ನು ಹುಡುಕುವುದಕ್ಕೇ ನನಗೆ ಸಾಕುಸಾಕಾಯಿತು. ಆದರೆ ಅವರ ತಾಮ್ರ ನಿಂತರೆ ಊರಿಗೆ ಊರೇ ನಿಲ್ಲುತ್ತಿತ್ತು. ನನ್ನವು ಪೆಟ್ಟಿಗೆಯಲ್ಲಿ ಇದ್ದದ್ದನ್ನು ತಿಂದುಕೊಂಡು ಟುಕುಟುಕು ಅಂತ ನಡೆಯುತ್ತಿದ್ದವು. ಆ ದಿನಗಳಲ್ಲಿ ನಾನು ಫೋನು ಮಾಡಿ "ಊಟ ಆಯ್ತಾ?" ಅಂತ ಬಹಳ ಸಿಹಿಯಾಗಿ ವಿಚಾರಿಸಿಕೊಳ್ಳುತ್ತಿದ್ದೆ.

ಹೀಗೆ ಬೈದಾಡಿಕೊಂಡೇ ನಾಲ್ಕನೇ ತಿಂಗಳು ದಾಟಿತು, ಐದು ದಾಟಿತು, ಏಳಕ್ಕೆ ಬಿತ್ತು.

ಒಂದು ಭಾನುವಾರ ಮಧ್ಯಾಹ್ನ ನಿದ್ದೆ ಮುಗಿಸಿ ಲ್ಯಾಪ್‌ಟಾಪು ತೆರೆದೆ. ನನ್ನ ಓಣಿ ಇಲ್ಲ. ಕುಲುಮೆ ಇಲ್ಲ, ತಂತಿ ಮೆಷಿನ್ನು ಇಲ್ಲ, ಪೆಟ್ಟಿಗೆ ಇಲ್ಲ. ನಟ್ಟನಡುವೆ ಬೈಪಾಸು ಹಾದುಹೋಗಿದೆ. ಅದರ ಎರಡೂ ಮಗ್ಗುಲಲ್ಲಿ ಕಲ್ಲು ಹಾಸಿದ ಖಾಲಿ ಸೈಟುಗಳು, ಬಡಾವಣೆ ಮಾಡಿ ಮಾರಲು ಇಟ್ಟ ಹಾಗೆ. ಒಂದೊಂದು ಸೈಟಿನ ಮೇಲೂ ಒಂದು ಬೋರ್ಡು ನೆಟ್ಟು ಬರೆದಿದ್ದರು: "ಮುಂದಿನ ವರ್ಷಕ್ಕೆ."

ಆ ಖಾಲಿ ಜಾಗ ನೋಡಿದ್ದೇ ನನಗೆ ಸೂರಿನ ಕೊಂಡಿ ಕಣ್ಣಿಗೆ ಬಂತು. ಮೈಯೆಲ್ಲ ಉರಿದುಹೋಯಿತು. "ಯಾರನ್ನ ಕೇಳಿ ಬರೆದ್ರಿ ಇದನ್ನ!" ಅಂತ ಕಿರುಚಿ ದಡಕ್ಕನೆ ಎದ್ದು ನಿಂತೇಬಿಟ್ಟೆ. ತಿಂಗಳುಗಟ್ಟಲೆ ಹಾಗೆ ನಿಂತಿರಲಿಲ್ಲ. ಹೊಟ್ಟೆ ಕಲ್ಲಿನ ಹಾಗೆ ಬಿಗಿದುಕೊಂಡಿತು. ಬಿಡಲಿಲ್ಲ. ಅವ್ವ ಮಗ್ಗದ ಗುಣಿಯಿಂದ ಹೇಗೆ ಹಾರಿ ಬಂದಳೋ ದೇವರೇ ಬಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋಗುವ ತನಕ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡಿದ್ದೆ. ಇಲ್ಲೇ ಇರು, ಎಲ್ಲೂ ಹೋಗಬೇಡ, ಇಲ್ಲೇ ಇರು ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊಟ್ಟೆ ಮುಟ್ಟಿ ನೋಡಿ, ಒಂದು ಇಂಜೆಕ್ಷನ್ ಕೊಟ್ಟು ಕೇಳಿದರು. "ಏನಾಯ್ತು? ಬಿದ್ರಾ? ಭಾರ ಏನಾದ್ರೂ ಎತ್ತಿದ್ರಾ?"

"ಇಲ್ರೀ ಮೇಡಂ" ಅಂದಳು ಅವ್ವ. "ಅಳಿಯಂದ್ರು ಇವಳ ಫ್ಯಾಕ್ಟ್ರಿ ಒಡೆದ್ರಂತೆ."

ಡಾಕ್ಟರ ಪೆನ್ನು ನಿಂತಿತು. "ಯಾವ ಫ್ಯಾಕ್ಟ್ರಿ?"

"ತಾಮ್ರದ್ದು."

"ಎಲ್ಲೈತೆ ಅದು? ಚಳ್ಳಕೆರೇಲಾ?"

"ಊಹೂಂ, ಬ್ಯಾರೆ ಗ್ರಹದಾಗೆ."

ಡಾಕ್ಟರು ಅವ್ವನನ್ನೇ ಒಂದು ಗಳಿಗೆ ನೋಡಿದರು. "ಅಮ್ಮಾ, ನೀವು ಇಲ್ಲಿ ಕೂತ್ಕೊಳ್ಳಿ. ನಿಮ್ಮ ಬಿ.ಪಿ. ಒಂದ್ಸಲ ನೋಡಾಣ" ಅಂದರು. ನಗಬೇಕೆನಿಸಿದರೂ ನನಗೆ ನಗಲು ಧೈರ್ಯವಿರಲಿಲ್ಲ. ನಕ್ಕರೆ ಹೊಟ್ಟೆ ಅಲುಗುತ್ತದಲ್ಲ.

ಬಿಗಿತ ನಿಧಾನಕ್ಕೆ ಇಳಿಯಿತು. ಆದರೆ ಮಗುವಿನ ಎದೆಬಡಿತ ಕೇಳುವ ಯಂತ್ರದ ಬ್ಯಾಟರಿ ಮುಗಿದಿದೆ ಅಂತ ನರ್ಸು ಹೇಳಿದಳು. ಚಾರ್ಜಿಗೆ ಹಾಕಿದ್ದೇವೆ, ಸ್ವಲ್ಪ ತಡೀರಿ ಅಂದಳು. ತಡೆಯುವುದೆಂದರೆ ಏನು ಅಂತ ಆ ಹುಡುಗಿಗೆ ಗೊತ್ತಿದ್ದ ಹಾಗಿರಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯವರು ಬಂದರು. ಅಪ್ಪನ ಫೋನು ಹೋದದ್ದೇ, ಬಸ್ಸಿಗೆ ಕಾಯದೆ ಚಳ್ಳಕೆರೆಯಿಂದ ಬೈಕಿನಲ್ಲೇ ಬಂದಿದ್ದರು. ಅಂಗಿಯ ಗುಂಡಿ ಒಂದೂ ಸರಿಯಿಲ್ಲ, ತಲೆ ತುಂಬ ದೂಳು, ಒಂದು ಕಾಲಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಅವರಮ್ಮನದು. ಅವ್ವ ಎದ್ದು ಹೊರಗೆ ಹೋದಳು.

ಬಾಯಿಗೆ ಬಂದ ಹಾಗೆ ಬೈಯಬೇಕೆಂದು ಕಾದಿದ್ದೆ. "ಆ ಬೋರ್ಡು ಯಾಕ್ರೀ ಹಾಕಿದ್ರಿ?" ಅಂದೆ, ಅಷ್ಟೇ.

ಅವರು ಮಂಚದ ಅಂಚಿಗೆ ಕೂತು ಕೈ ನೋಡಿಕೊಳ್ಳುತ್ತ ಹೇಳಿದರು: "ನಾನು ಎಲ್ಲಿ ಆಸೆ ಪಡ್ಲಿ ಹೇಳು? ಏನಾದ್ರೂ ತಂದ್ರೆ ನಿಮ್ಮವ್ವ ಹೊರಗಾಕ್ತಾರೆ. ಮಾತೆತ್ತಿದ್ರೆ ನೀನು ಫೋನ್ ಇಡ್ತೀಯಾ. ಮಿಲ್ಲಿನಾಗೆ ಯಾರಾದ್ರೂ ಎಷ್ಟನೇ ತಿಂಗಳು ಅಂದ್ರೆ ಮಾತು ಹಾರಿಸ್ತೀನಿ. ಮುಂದಿನ ವರ್ಷ ಅನ್ನೋದು ಒಂದೈತೆ ಅಂತ ಎಲ್ಲಾದ್ರೂ ಒಂದು ಕಡೆ ಬರೀಬೇಕು ಅನ್ನಿಸ್ತು. ಅಲ್ಲಿ ಯಾರೂ ಬ್ಯಾಡ ಅನ್ನಲ್ವಲ್ಲ."

"ನಂಗೆ ಹೆದರಿಕೆ ಆಗ್ತೈತೆ ಕಣ್ರೀ. ಜಾಗ ಬಿಟ್ಟಮೇಲೆ ಅದು ಖಾಲಿ ಉಳಿದ್ರೆ?"

"ನಂಗೇನು ಆಗಲ್ವಾ?" ಅಂದರು. ಆ ವರ್ಷದಲ್ಲಿ ಅವರು ಹೆದರಿಕೆಯ ಮಾತನ್ನು ಬಾಯಿ ಬಿಟ್ಟು ಅಂದದ್ದು ಅದೇ ಮೊದಲು. ಇಷ್ಟು ದಿನ ಇಬ್ಬರೂ ಒಂದೇ ಭಯವನ್ನು ಬೇರೆ ಬೇರೆ ಊರಲ್ಲಿ ಕೂತು ಅನುಭವಿಸಿದ್ದೆವಲ್ಲ ಅಂತ ನನಗೆ ಅಳು ಬಂತು.

ಯಂತ್ರ ಬಂತು. ಡಾಕ್ಟರು ಹೊಟ್ಟೆಯ ಮೇಲೆ ಜೆಲ್ಲು ಸವರಿ ಒತ್ತಿದರು. ಗೊರಗೊರ ಸದ್ದು. ಇನ್ನೊಂದು ಕಡೆ ಒತ್ತಿದರು. ಮತ್ತೆ ಗೊರಗೊರ. ನನ್ನ ಕೈ ಅವರ ಕೈಯಲ್ಲಿತ್ತು, ಯಾರು ಯಾರನ್ನು ಹಿಡಿದಿದ್ದೆವೋ ಗೊತ್ತಾಗಲಿಲ್ಲ. ಇನ್ನೂ ಸ್ವಲ್ಪ ಕೆಳಗೆ ಒತ್ತಿದಾಗ ಕೇಳಿಸಿತು. ಗಟ್ಟಿಯಾಗಿ, ಅವಸರ ಅವಸರವಾಗಿ, ಎಲ್ಲಿಗೋ ಹೊತ್ತಾಯಿತು ಅನ್ನುವವರ ಹಾಗೆ. "ಚೆನ್ನಾಗೈತಲ್ರೀ, ಇಬ್ಬರೂ ಯಾಕೆ ಅಳ್ತೀರಾ?" ಅಂದರು ಡಾಕ್ಟರು.

ಅವರು ಹೋದ ಮೇಲೆ ನಮ್ಮ ಮನೆಯವರು ಬಾಗಿಲ ಕಡೆ ಒಂದು ಸಲ ನೋಡಿ, ಅವ್ವ ದೂರ ಇದ್ದಾಳೆ ಅಂತ ಖಾತ್ರಿ ಮಾಡಿಕೊಂಡು, ಪಿಸುಮಾತಿನಲ್ಲಿ ಕೇಳಿದರು. "ಹೆಣ್ಣಾದ್ರೆ ಏನಂತ ಕರೆಯಾಣ?"

ಅವರ ಬಾಯಿ ಮುಚ್ಚಲು ಕೈ ಎತ್ತಿದೆ. ಆಮೇಲೆ ಏನನ್ನಿಸಿತೋ, ಕೈ ಇಳಿಸಿ, ಹೋದ ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆಸರನ್ನು ಗಟ್ಟಿಯಾಗಿ, ಹೊಟ್ಟೆಗೂ ಕೇಳಿಸುವ ಹಾಗೆ ಹೇಳಿದೆ.

ಈಗಲೂ ಅದೇ ಹೆಸರು ಹಿಡಿದು ಕೂಗುತ್ತೇನೆ. ಮೂರು ಸಲ ಕೂಗಿದ ಮೇಲೆ, ಗಂಟಲು ಹರಿಯುವ ಹೊತ್ತಿಗೆ, "ಏನವ್ವಾ ನಿಂದು?" ಅಂತ ಸೊಂಟದ ಮೇಲೆ ಕೈಯಿಟ್ಟುಕೊಂಡು ಬರುತ್ತಾಳೆ.