ನಾಗಪುರದಲ್ಲೊಂದು ಸೋರುವ ಹೀಟರು

ನಾಗಪುರದಲ್ಲಿ ನಮ್ಮ ಕಾರಿಗೆ ಹೀಟರ್ ಇದೆ ಎಂದರೆ ಜನ ನಗುತ್ತಿದ್ದರು. ಮೇ ತಿಂಗಳಲ್ಲಿ ಸ್ಟೇರಿಂಗ್ ಮುಟ್ಟಿದರೆ ಅಂಗೈ ಚುರ್ರೆನ್ನುವ ಊರು ಅದು. ನನ್ನ ಗಂಡ ವಾಯುಪಡೆಯಲ್ಲಿ ವಿಮಾನದ ಎಂಜಿನ್ನುಗಳ ಕೆಲಸದಲ್ಲಿದ್ದವರು. ಉತ್ತರದಲ್ಲಿ, ಚಳಿಗೆ ಬೆರಳು ಮರಗಟ್ಟುವ ಜಾಗದಲ್ಲಿ ಪೋಸ್ಟಿಂಗ್ ಇದ್ದಾಗ ಅಲ್ಲಿಯ ಅಧಿಕಾರಿಯೊಬ್ಬರಿಂದ ಆ ಹಳೆಯ ಬಿಳಿ ಕಾರನ್ನು ಕೊಂಡಿದ್ದರು. ಕೊನೆಯ ಪೋಸ್ಟಿಂಗ್ ನಾಗಪುರಕ್ಕಾಯಿತು. ಕಾರು ಬಂತು, ಅದರ ಹೊಟ್ಟೆಯೊಳಗೆ ಹೀಟರೂ ಬಂತು. ನಿವೃತ್ತಿಯಾದ ಮೇಲೆ ಗದಗಿಗೆ ಹೋಗುವ ಮಾತಿತ್ತು. ಅಷ್ಟರಲ್ಲಿ ಹತ್ತಿರದ ಕಾಮಠಿಯ ಶಾಲೆಯೊಂದರಲ್ಲಿ ನನ್ನ ಗಣಿತದ ಟೀಚರ್ ಕೆಲಸ ಕಾಯಂ ಆಯಿತು, ಅವರಿಗೂ ಒಂದು ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಫೋರ್‌ಮನ್ ಕೆಲಸ ಸಿಕ್ಕಿತು, ಉಳಿದುಬಿಟ್ಟೆವು. ಮಗಳು ಪುಣೆಯ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಜಗಳವಾದರೆ ಬಿಡಿಸಲು ಮೂರನೆಯವರಿರಲಿಲ್ಲ.

ಜಗಳವೆಂದರೆ ಮಾತೆಲ್ಲ ನನ್ನದೇ. ನನ್ನ ಸಿಟ್ಟು ಮೂಗಿನ ತುದಿಯಲ್ಲಿದೆ, ಅವರದು ಎಲ್ಲಿದೆಯೋ ನನಗಿನ್ನೂ ಸಿಕ್ಕಿಲ್ಲ. ನಾನು ಹತ್ತು ಮಾತಾಡಿದರೆ ಅವರು ಒಂದು, ಅದೂ ಚಹಾ ಕುಡಿದಾದ ಮೇಲೆ. ವಿಮಾನದ ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಹೆಂಡತಿಯ ಸದ್ದು ಯಾವ ಲೆಕ್ಕ ಎಂದು ನಾನೇ ಚೇಷ್ಟೆ ಮಾಡುತ್ತಿದ್ದೆ.

ಅವರಿಗೆ ಹೆದರಿಕೆ ಅಂತ ಇದ್ದದ್ದು ಒಂದೇ. ನಮ್ಮ ಮಾವನವರಿಗೆ ಐವತ್ತು ತುಂಬುವ ಹೊತ್ತಿಗೆ ಕಣ್ಣು ಹೋಗಿತ್ತು. ಮೊದಲು ಸಂಜೆಯ ಹೊತ್ತು ಮಬ್ಬು. ಆಮೇಲೆ ದೀಪ ಕಂಡರೆ ಅದರ ಸುತ್ತ ಬಣ್ಣದ ಬಳೆ. ಆಮೇಲೆ ಏನೂ ಇಲ್ಲ. ನಾನು ಸೊಸೆಯಾಗಿ ಹೋದಾಗ ಅವರು ಗೋಡೆ ಹಿಡಿದು ಹಿತ್ತಲಿಗೆ ಹೋಗಿಬರುತ್ತಿದ್ದರು. ಕಣ್ಣಿನೊಳಗಿನ ಒತ್ತಡ ಏರಿದರೆ ಹೀಗಾಗುತ್ತದೆ, ಅಪ್ಪನಿಂದ ಮಗನಿಗೂ ಬರಬಹುದು, ಹೊತ್ತಿಗೆ ಸರಿಯಾಗಿ ನೋಡಿಸಿಕೊಂಡರೆ ಮದ್ದುಂಟು ಎಂದು ಮಿಲಿಟರಿ ಡಾಕ್ಟರೊಬ್ಬರು ನನ್ನ ಗಂಡನಿಗೆ ಹೇಳಿದ್ದರಂತೆ. ಈ ಮನುಷ್ಯ ಮೊದಲಿನ ಎರಡು ಮಾತು ನೆನಪಿಟ್ಟುಕೊಂಡು ಮೂರನೆಯದನ್ನು ಮರೆತುಬಿಟ್ಟಿದ್ದರು.

ಐವತ್ತಕ್ಕೆ ಇನ್ನೊಂದು ವರ್ಷವಿತ್ತು. ದಸರೆ ಮುಗಿದು ಅಕ್ಟೋಬರಿನ ಎರಡನೆಯ ಸೆಖೆ ಶುರುವಾಗಿತ್ತು. ಸಂಜೆ ನನ್ನನ್ನು ಶಾಲೆಯಿಂದ ಕರೆತರುವಾಗ, ಕಾಮಠಿ ರಸ್ತೆಯಲ್ಲಿ ಎದುರು ಬಂದ ಲಾರಿಯ ದೀಪದ ಸುತ್ತ ಅವರಿಗೆ ಬಣ್ಣದ ಬಳೆ ಕಂಡಿತು. ಮರುದಿನ ಮತ್ತೆ ಕಂಡಿತು. ಅವರು ಯಾರಿಗೂ ಹೇಳಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಾನು ಪಕ್ಕದ ಸೀಟಿನಲ್ಲೇ ಕೂತಿರುತ್ತಿದ್ದೆ. ಆದರೆ ಇಡೀ ದಿನ ಮಕ್ಕಳಿಗೆ ಬೀಜಗಣಿತ ಹೇಳಿ ತಲೆ ಕೆಟ್ಟಿರುತ್ತಿತ್ತು. ಹತ್ತಿದ ಕೂಡಲೇ ಕನ್ನಡಕ ತೆಗೆದು ಪರ್ಸಿನಲ್ಲಿಟ್ಟು ಕಣ್ಣು ಮುಚ್ಚುತ್ತಿದ್ದೆ. ಕನ್ನಡಕವಿಲ್ಲದಿದ್ದರೆ ನನಗೆ ಲಾರಿಯೂ ಒಂದೇ ಆನೆಯೂ ಒಂದೇ.

ನನಗೆ ಕಾಣುತ್ತಿದ್ದದ್ದು ಬೇರೆ ಉಪದ್ರವ. ನನ್ನ ಕಾಲ ಕೆಳಗಿನ ಮ್ಯಾಟು ಯಾವಾಗಲೂ ಒದ್ದೆ. ನಾಗಪುರದಲ್ಲಿ ನೀರಿನ ಬಾಟಲಿಯಿಲ್ಲದೆ ಯಾರೂ ಮನೆ ಬಿಡುವುದಿಲ್ಲ, ನಾನೂ ದೊಡ್ಡದೊಂದನ್ನು ಕಾಲ ಬಳಿ ಇಟ್ಟುಕೊಳ್ಳುತ್ತಿದ್ದೆ. ಅದರ ಮುಚ್ಚಳವನ್ನು ನಾನು ಬಿಗಿ ಮಾಡುವುದಿಲ್ಲ ಎಂದು ಅವರ ತೀರ್ಪು. ಬಾಟಲಿ ಬದಲಾಯಿಸಿದೆ, ಮ್ಯಾಟು ಒಣಗಲಿಲ್ಲ. ಬಾಟಲಿಯನ್ನು ಹಿಂದಿನ ಸೀಟಿಗೆ ಹಾಕಿದೆ, ಆಗಲೂ ಒಣಗಲಿಲ್ಲ. ಹಾಗಾದರೆ ಶಾಲೆಯಲ್ಲಿ ಕಾಲು ತೊಳೆದು ಒದ್ದೆ ಚಪ್ಪಲಿಯಲ್ಲಿ ಹತ್ತುತ್ತೀ ಎಂದರು. ರೇಡಿಯೇಟರಿನ ನೀರು ದಿನಾ ಇಳಿಯುವುದನ್ನೂ ಅವರೇ ನೋಡಿದ್ದರು. ಈ ಊರಿನ ಬಿಸಿಲಿಗೆ ಮನುಷ್ಯರೇ ಆರಿಹೋಗುತ್ತಾರೆ, ಎಂಜಿನ್ನಿನ ನೀರು ಯಾವ ಗಿಡದ ತೊಪ್ಪಲು ಎಂದು ಸುರಿದು ಮುಚ್ಚುತ್ತಿದ್ದರು. ಬೇರೆ ದಿನವಾಗಿದ್ದರೆ ಹಾಗೆ ಬಿಡುವವರಲ್ಲ. ಆ ದಿನಗಳಲ್ಲಿ ಅವರ ತಲೆ ಕಾರಿನ ಮೇಲೆ ಇರಲಿಲ್ಲ.

ಆಗಲೇ ಒಂದು ದಿನ, ನಾನು ಕಾರು ಕಲಿಯಬೇಕು ಎಂದರು. ನಾನು ನಕ್ಕುಬಿಟ್ಟೆ. ನಲವತ್ತೈದು ದಾಟಿದವಳು, ಸೈಕಲ್ಲೂ ನೆಟ್ಟಗೆ ಬಾರದವಳು. ಬೇಡವೆಂದೆ. ಮರುದಿನ ಮತ್ತೆ ಹೇಳಿದರು, ಅದರ ಮರುದಿನವೂ. ಒಂದು ಮಾತನ್ನು ಎರಡು ಸಲ ಆಡದ ಮನುಷ್ಯ ಹೀಗೆ ಬೆನ್ನು ಹತ್ತಿದ್ದು ನೋಡಿ, ನನ್ನನ್ನು ದಿನಾ ಕರೆತರಲು ಬೇಸರವಾಗಿದೆ ಎಂದುಕೊಂಡೆ. ಆಗಲಿ, ನಿಮ್ಮ ಉಪಕಾರವೇ ಬೇಡ, ಕಲಿತು ತೋರಿಸುತ್ತೇನೆ ಎಂದು ಹಟಕ್ಕೆ ಬಿದ್ದೆ.

ಭಾನುವಾರ ಬೆಳಿಗ್ಗೆ ಕಾಮಠಿಯ ದಂಡಿನ ಕಡೆಯ ಅಗಲವಾದ ಖಾಲಿ ರಸ್ತೆಗಳಲ್ಲಿ ಪಾಠ. ಗುರುಗಳಿಗೆ ಕಲಿಸಲು ಬಾರದು, ಶಿಷ್ಯೆಗೆ ಬೈಸಿಕೊಳ್ಳಲು ಬಾರದು. ಕಾರು ಹೆದರಿದ ಕುದುರೆಯ ಹಾಗೆ ಎರಡು ನೆಗೆತ ನೆಗೆದು ನಿಂತುಬಿಡುತ್ತಿತ್ತು. ಅವರು ಬೈಯುತ್ತಿರಲಿಲ್ಲ, ಆದರೆ ಜಲ್ದಿ ಕಲಿ, ಜಲ್ದಿ ಕಲಿ ಎಂದು ಜೀವ ತಿನ್ನುತ್ತಿದ್ದರು. ಏನು ಅವಸರ, ಯಾರ ಮದುವೆಗೆ ಹೋಗಬೇಕಾಗಿದೆ ಎಂದು ಒಮ್ಮೆ ನಡುರಸ್ತೆಯಲ್ಲೇ ಇಳಿದು ನಡೆಯತೊಡಗಿದ್ದೆ. ಅವರು ಹಿಂದಿನಿಂದ ಕಾರು ತಂದು, ಬಾಗಿಲು ತೆಗೆದು, ಸ್ಟೇರಿಂಗ್ ಬಿಟ್ಟು ಪಕ್ಕಕ್ಕೆ ಸರಿದು ಕೂತರು. ಸಿಟ್ಟಿನಲ್ಲೇ ಮನೆಯ ತನಕ ಓಡಿಸಿದೆ. ಆ ದಿನವೇ ನನಗೆ ಕ್ಲಚ್ಚಿನ ಗುಟ್ಟು ಹತ್ತಿದ್ದು.

ಲೈಸೆನ್ಸ್ ಬಂತು. ನವೆಂಬರ್ ಕೊನೆಗೆ, ಒಂದು ಸಂಜೆ ಶಾಲೆಯ ಗೇಟಿನಲ್ಲಿ ಅವರು ಕೀಲಿ ನನ್ನ ಕೈಗಿಟ್ಟರು. ಸಂಜೆಯ ಹೊತ್ತು ನಾನು ಓಡಿಸಿದ್ದು ಅದೇ ಮೊದಲು. ಕನ್ನಡಕ ಹಾಕಿಕೊಂಡು, ಇಷ್ಟದೇವರನ್ನು ನೆನೆದು ಹೊರಟೆ. ಊರು ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಕತ್ತಲಾಯಿತು. ಎಂಜಿನ್ ಚೆನ್ನಾಗಿ ಕಾದಿತ್ತು, ಗಾಳಿಗೆಂದು ಡ್ಯಾಶ್‌ಬೋರ್ಡಿನ ಫ್ಯಾನು ತಿರುಗುತ್ತಿತ್ತು. ಕಳಮನಾ ಮಾರುಕಟ್ಟೆಯಿಂದ ಹೊರಟ ಲಾರಿಗಳು ಎದುರು ಬರತೊಡಗಿದವು. ನನಗೆ ರಸ್ತೆಯೇ ಕಾಣಿಸಲೊಲ್ಲದು. ಸಿಟ್ಟು ನೆತ್ತಿಗೇರಿತು.

“ಈ ಗಾಜು ಒರಸಾಕ ಏನಾಗಿತ್ತು ನಿಮಗ? ನನಗೇನೂ ಕಾಣವಲ್ದು. ದೀಪದ ಸುತ್ತ ಕಾಮನಬಿಲ್ಲು ಕುಣ್ಯಾಕತ್ತಾವು” ಎಂದೆ.

ಗಾಡಿ ಬಾಜೂಕ ನಿಲ್ಲಿಸು ಎಂದರು. ದನಿ ಅವರದಲ್ಲ ಎನ್ನುವ ಹಾಗಿತ್ತು. ನಿಲ್ಲಿಸಿದೆ.

“ಏನ್ ಕಾಣಸ್ತದ, ಮತ್ತೊಮ್ಮೆ ಹೇಳು.”

ಹೇಳಿದೆ. ದೀಪದ ಸುತ್ತ ಬಣ್ಣದ ಬಳೆ ನಿನಗೂ ಕಾಣಿಸುತ್ತಿದೆಯೇ ಎಂದು ಕೇಳಿದರು. ಕಾಣಿಸದೆ ಏನು, ನಾನೇನು ಕುರುಡಿಯೇ ಎಂದೆ. ಆ ಮಾತು ಅವರಿಗೆ ಎಲ್ಲಿ ತಾಗಿತೋ ನನಗೆ ಆಗ ಗೊತ್ತಾಗಲಿಲ್ಲ. ಅವರು ನನ್ನ ಮುಂದೆ ಬಾಗಿ ಗಾಜಿನ ಒಳಮೈ ಮೇಲೆ ಬೆರಳೆಳೆದರು. ಜಿಡ್ಡು ಜಿಡ್ಡಾದ ಮಂಜಿನಲ್ಲಿ ಒಂದು ಗೆರೆ ಮೂಡಿತು. ಆ ಗೆರೆಯೊಳಗೆ ಮುಂದಿನ ಲಾರಿಯ ದೀಪ ಬಳೆಯಿಲ್ಲದೆ ಸ್ವಚ್ಛವಾಗಿ ಕಂಡಿತು. ಅವರು ತಮ್ಮ ಕಡೆಯ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದರು. ಬಂದ ಲಾರಿ, ಹೋದ ಲಾರಿ, ಸ್ಕೂಟರು, ದೂರದ ಪಾನ್ ಅಂಗಡಿಯ ಬಲ್ಬು, ಎಲ್ಲವನ್ನೂ ನೋಡಿದರು. ತಲೆ ಒಳಗೆ ತಂದಾಗ ಅಳುತ್ತಿದ್ದರು.

ಅವರಪ್ಪ ತೀರಿಕೊಂಡಾಗಲೂ ನಾನು ಅವರ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಎದೆನೋವೇ ಎಂದು ಕೇಳಿದೆ. ತಲೆಯಾಡಿಸಿದರು. ಆಮೇಲೆ ಒಂದೊಂದೇ ಮಾತು ಹೊರಬಂತು. ದಸರೆಯಿಂದ ಬಳೆಗಳು ಕಾಣುತ್ತಿವೆ. ಅಪ್ಪನ ರೋಗವೇ ಬಂತೆಂದು ತಿಳಿದಿದ್ದರು. ಡಾಕ್ಟರ ಬಳಿ ಹೋದರೆ ಹೌದೆಂದುಬಿಡುತ್ತಾರೆ ಎಂದು ಹೋಗಿರಲಿಲ್ಲ. ತಮ್ಮ ಕಣ್ಣು ಪೂರ್ತಿ ಹೋಗುವ ಮೊದಲು ನನಗೆ ಕಾರು ಬರಬೇಕೆಂದೇ ಆ ಅವಸರ.

ಪಾಪ ಎನ್ನಿಸಿದ್ದು ಆಮೇಲೆ. ಮೊದಲು ಬಂದದ್ದು ಸಿಟ್ಟು. ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನನ್ನು ಮೂಲೆಗಿಟ್ಟ ಸಿಟ್ಟು. ಆ ರಸ್ತೆಯ ಬದಿಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಹೋಗಲಿ, ಮನೆಯಲ್ಲಿ ಟ್ಯೂಬ್‌ಲೈಟ್ ಇತ್ತಲ್ಲ, ಅದನ್ನೊಮ್ಮೆ ನೋಡಿದ್ದರೆ ಅಲ್ಲಿ ಬಳೆಯಿಲ್ಲ ಎಂದು ತಿಳಿಯುತ್ತಿರಲಿಲ್ಲವೇ ಎಂದು ಕೇಳಿದೆ.

“ತಲಿ ಎತ್ತಿ ನೋಡಲೇ ಇಲ್ಲ. ಅಲ್ಲೂ ಕಂಡ್ರ ಏನ್ ಮಾಡ್ಲಿ ಅಂತ ಹೆದರಿಕಿ” ಎಂದರು.

ಪರ್ಸಿನಿಂದ ಕರವಸ್ತ್ರ ತೆಗೆದು ಅವರ ಕೈಗಿಟ್ಟೆ.

ಅತ್ತಾದ ಮೇಲೆ ಅವರೊಳಗಿನ ಮೆಕ್ಯಾನಿಕ್ ಎದ್ದ. ತಮ್ಮ ಕಾಲ ಕೆಳಗಿನ ಮ್ಯಾಟು ಮುಟ್ಟಿದರು, ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿದರು. ಬೆರಳಿಗೆ ಬೆಚ್ಚಗಿನ ನೀರು ಬಂತು. ಬೆರಳು ಉಜ್ಜಿ ಮೂಸಿದರು, ಸಿಹಿ ವಾಸನೆ. ಹೀಟರು ಎಂದರು, ಮರೆತುಹೋದ ನೆಂಟರ ಹೆಸರು ನೆನಪಾದ ಹಾಗೆ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಸಣ್ಣ ರೇಡಿಯೇಟರ್ ಇರುತ್ತದೆಯಂತೆ. ಎಂಜಿನ್ನಿನ ಬಿಸಿನೀರು ಅದರೊಳಗೆ ಸುತ್ತುತ್ತಿರುತ್ತದೆ, ಚಳಿಯ ಊರಿನಲ್ಲಿ ಅದರ ಮೇಲೆ ಗಾಳಿ ಬಿಟ್ಟರೆ ಕಾರು ಬೆಚ್ಚಗಾಗುತ್ತದೆ. ವರ್ಷಗಟ್ಟಲೆ ಯಾರೂ ಕೇಳದೆ ಬಿದ್ದಿದ್ದ ಅದು ತುಕ್ಕು ಹಿಡಿದು ತೂತಾಗಿತ್ತು. ಸಿಹಿ ವಾಸನೆಯ ಕೂಲಂಟ್ ದ್ರವ ಬೆರೆತ ನೀರು ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು, ಅದರ ಹಬೆ ಫ್ಯಾನಿನ ಗಾಳಿಯ ಜೊತೆ ಏರಿ ಗಾಜಿಗೆ ಜಿಡ್ಡಾಗಿ ಕೂರುತ್ತಿತ್ತು. ಅವರು ಬೆಳಿಗ್ಗೆ ತಪ್ಪದೆ ಗಾಜು ಒರೆಸುತ್ತಿದ್ದರು, ಹೊರಗಿನಿಂದ. ನಾಗಪುರದ ಒಣ ಹವೆಯಲ್ಲಿ ಗಾಜಿನ ಒಳಗೆ ಮಂಜು ಕಟ್ಟೀತು ಎಂದು ಯಾರಿಗೆ ಹೊಳೆಯಬೇಕು? ವಿಮಾನದ ರೋಗ ಕಿವಿಯಲ್ಲೇ ಕಂಡುಹಿಡಿಯುವವರ ಸ್ವಂತ ಕಾರು ಹೀಗೆ, ದೀಪದ ಬುಡದಲ್ಲೇ ಕತ್ತಲೆ ಎಂದು ಚುಚ್ಚಿದೆ. ನನ್ನ ಬಾಟಲಿಯ ಮೇಲೆ ಹೊರಿಸಿದ್ದ ಅಪವಾದವನ್ನೂ ಅಲ್ಲೇ ವಾಪಸ್ ತೆಗೆಸಿದೆ.

ಎಂಜಿನ್ನಿನಿಂದ ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಬಿಡಿಸಿ, ಒಂದರ ಬಾಯಿ ಇನ್ನೊಂದಕ್ಕೆ ಕೂಡಿಸಿದರೆ ಮುಗಿಯಿತು, ಹೀಟರು ಹೊರಗುಳಿಯುತ್ತದೆ. ಮರುದಿನ ಅಷ್ಟು ಮಾಡಿದರು, ಮ್ಯಾಟು ಒಣಗಿತು, ಗಾಜು ತಿಳಿಯಾಯಿತು. ಆದರೆ ಗಾಡಿಯಲ್ಲಿ ಇರುವ ವಸ್ತು ಕೆಲಸ ಮಾಡಬೇಕು ಎನ್ನುವ ವಾಯುಪಡೆಯ ಹಟ ಬಿಡಬೇಕಲ್ಲ. ಭಾನುವಾರ ಡ್ಯಾಶ್‌ಬೋರ್ಡನ್ನೇ ಬಿಚ್ಚಿ ವರಾಂಡದ ತುಂಬ ಹರಡಿದರು. ಬಿಡಿಭಾಗದ ಅಂಗಡಿಯವನು, ನಾಗಪುರದಲ್ಲಿ ಹೀಟರ್ ಕೇಳಲು ಬಂದ ಮೊದಲ ಗಿರಾಕಿ ನೀವೇ ಎಂದು ಪಕ್ಕದ ಅಂಗಡಿಯವರನ್ನೂ ಕರೆದು ನಕ್ಕನಂತೆ. ಕೊನೆಗೆ ರೇಡಿಯೇಟರ್ ಬೆಸುಗೆಯವನಿಂದ ತೂತು ಮುಚ್ಚಿಸಿ ತಂದು ಕೂರಿಸಿದರು. ಸ್ಕ್ರೂ ತಿರುಗಿಸುತ್ತ ಗುನುಗುತ್ತಿದ್ದರು. ಆ ಗುನುಗು ಕೇಳಿ ಅದೆಷ್ಟೋ ದಿನವಾಗಿತ್ತು ಎಂದು ನನಗೆ ಆಗ ಹೊಳೆಯಿತು.

ಕಾರಿನದು ಆಯಿತು, ಇನ್ನು ನಿಮ್ಮದು ಎಂದೆ. ಕಣ್ಣಿನ ಆಸ್ಪತ್ರೆಯ ಮಾತೆತ್ತಿದರೆ ಸಾಕು, ಮಂಜು ಗಾಜಿನದೆಂದು ಗೊತ್ತಾಯಿತಲ್ಲ, ಇನ್ನೇಕೆ ಎನ್ನುತ್ತಿದ್ದರು. ಪಾಳಿ ಇದೆ ಎಂದರು, ರಜೆಯಿಲ್ಲ ಎಂದರು. ಈ ಸಲ ಹೀಟರು, ಮುಂದಿನ ಸಲ ನಿಜವಾಗಿ ಬಂದರೆ ಮತ್ತೆ ನನ್ನಿಂದ ಬಚ್ಚಿಟ್ಟುಕೊಂಡು ಒಬ್ಬರೇ ಹೆದರುತ್ತೀರಾ ಎಂದು ಕೇಳಿದೆ. ನಾನು ಶಾಲೆಗೆ ರಜೆ ಹಾಕಿ, ನಾನೇ ಕಾರು ಓಡಿಸಿಕೊಂಡು ಕರೆದೊಯ್ದೆ.

ಡಾಕ್ಟರು ಒತ್ತಡ ಅಳೆದರು, ಹನಿ ಹಾಕಿ ಪಾಪೆ ಅಗಲ ಮಾಡಿ ಒಳಗೆಲ್ಲ ನೋಡಿದರು. ನನ್ನ ಗಂಡ ಕುರ್ಚಿಯ ಕೈ ಹಿಡಿದುಕೊಂಡಿದ್ದು ನೋಡಿದರೆ ಅದು ಮುರಿದೇ ಹೋಗುತ್ತದೆ ಎನ್ನಿಸುತ್ತಿತ್ತು. ಏನೂ ಇಲ್ಲ, ಕಣ್ಣು ಬರೋಬರ್ ಇದೆ, ಆದರೆ ಅಪ್ಪನಿಗೆ ಇದ್ದದ್ದರಿಂದ ವರ್ಷಕ್ಕೊಮ್ಮೆ ಬರಲೇಬೇಕು ಎಂದರು ಡಾಕ್ಟರು. ನಾನು ಮೂರು ಸಲ ಕೇಳಿ ಗಟ್ಟಿ ಮಾಡಿಕೊಂಡೆ.

ಹೊರಗೆ ಮಧ್ಯಾಹ್ನದ ಬಿಸಿಲು. ಹನಿ ಹಾಕಿದ ಕಣ್ಣಿಗೆ ಬೆಳಕು ತಡೆಯುವುದಿಲ್ಲ. ಅವರು ಎಡಗಡೆ ಕೂತು ಕರವಸ್ತ್ರ ಮಡಿಸಿ ಕಣ್ಣಿಗೆ ಕಟ್ಟಿಕೊಂಡರು. ಸ್ವಲ್ಪ ದೂರ ಹೋದ ಮೇಲೆ, ಈಗ ರೈಲ್ವೆ ಸೇತುವೆ ಏರುತ್ತಿದ್ದೇವೆ ಎಂದರು. ಆಮೇಲೆ, ಇಳಿದ ಕೂಡಲೇ ಬಲಕ್ಕೆ ತಿರುಗು, ಬೇಕರಿಯ ವಾಸನೆ ಬರುತ್ತದೆ ಎಂದರು. ಬಂತು. ಕಣ್ಣು ಬಿಟ್ಟು ನೋಡುತ್ತಿದ್ದೀರಾ ಎಂದು ಗದರಿದೆ. ಇಲ್ಲವೆಂದರು. ನನಗೆ ಕಾರು ಕಲಿಸುವಾಗ ಪಕ್ಕದಲ್ಲಿ ಕೂತು, ರಸ್ತೆ ಖಾಲಿಯಿದ್ದಾಗ ಆಗಾಗ ಕಣ್ಣು ಮುಚ್ಚಿ ತಾವೂ ಕಲಿಯುತ್ತಿದ್ದರಂತೆ. ನಾನು ಶಾಲೆಗೆ ಹೋದ ಮೇಲೆ ಮಧ್ಯಾಹ್ನ ಮನೆಯಲ್ಲೂ ಕಣ್ಣು ಮುಚ್ಚಿಕೊಂಡೇ ಓಡಾಡುತ್ತಿದ್ದರಂತೆ. ಅಂಗಿಯ ಗುಂಡಿ ಹಾಕುವುದು ಬಂತು, ಚಹಾ ಮಾಡುವುದು ಬಂತು, ಉಪ್ಪು ಯಾವುದು ಸಕ್ಕರೆ ಯಾವುದು ಡಬ್ಬಿಯ ತೂಕದಲ್ಲೇ ತಿಳಿಯತೊಡಗಿತು. ಯಾರದೋ ಕಥೆ ಹೇಳುವ ಹಾಗೆ ಹೇಳಿದರು.

“ಒಂದ ಬರಲಿಲ್ಲ ನೋಡು. ನೀ ಸಿಟ್ಟಿನಾಗ ಇದ್ದೀಯೋ ಚಾಷ್ಟಿ ಮಾಡಾಕತ್ತೀಯೋ, ನಿನ್ನ ಮಾತಿನಾಗ ತಿಳಿಯಂಗಿಲ್ಲ. ಎರಡೂ ಒಂದ ದನಿ. ಮುಖಾನೇ ನೋಡಬೇಕು. ಅದು ಹೋಗ್ತದಲ್ಲ ಅಂತ ಭಾಳ ಸಂಕಟ ಆಗಿತ್ತು.”

ಸಿಗ್ನಲ್ ಬಿಟ್ಟಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಬಾಯಿ ತೆರೆದರೆ ಸಿಟ್ಟೆಂದೇ ತಿಳಿಯುತ್ತಿದ್ದರು, ನನ್ನ ಮುಖ ನೋಡಲಿ ಎಂದರೆ ಅವರ ಕಣ್ಣಿಗೆ ಕರವಸ್ತ್ರ. ಕಾರು ಹೊರಡಿಸಿ ಎರಡನೆಯ ಗೇರಿಗೆ ಹಾಕಿ, ಕೈಯನ್ನು ಗೇರಿನಿಂದ ತೆಗೆದು ಅವರ ಕೈ ಹಿಡಿದುಕೊಂಡೆ. ಮೂರನೆಯದಕ್ಕೆ ಹಾಕು ಎಂದು ಎಂಜಿನ್ ಕೂಗಿಕೊಳ್ಳುತ್ತಿತ್ತು, ಅವರಿಗೂ ಕೇಳುತ್ತಿತ್ತು, ಆದರೆ ಹೇಳಲಿಲ್ಲ. ಎರಡನೆಯ ಗೇರಿನಲ್ಲೇ ಮನೆಯ ತನಕ ಬಂದೆವು.