ಛತ್ರಿ ಬಂತು, ಹೂ ಹೋಯಿತು

ಛತ್ರಿ ಮುರಿದರೆ ಈಗ ಯಾರೂ ಮರುಗುವುದಿಲ್ಲ, ಹೊಸದು ಕೊಳ್ಳುತ್ತಾರೆ. ಚಾಮರಾಜನಗರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ನಾನು, ದೇಶವೊಂದು ಜಾಗತಿಕ ವ್ಯಾಪಾರ ಸಂಸ್ಥೆಗೆ ಸೇರಿದರೆ ಆಗುವ ಪರಿಣಾಮಗಳನ್ನು ಗಂಟೆಗಟ್ಟಲೆ ಕೊರೆಯಬಲ್ಲೆ. ಮಕ್ಕಳು ಅಷ್ಟೇ ಶ್ರದ್ಧೆಯಿಂದ ಆಕಳಿಸಬಲ್ಲರು. ಆಗ ಅವರನ್ನು ಎಚ್ಚರಿಸಲು ನಮ್ಮ ಬೀದಿಯ ಅಮೀರ್ ಸಾಬರ ಕತೆ ಹೇಳುತ್ತೇನೆ.

ಸಾಬರದು ಛತ್ರಿ ರಿಪೇರಿ ಅಂಗಡಿ. ಸುಂಕ ಇಳಿದು ಪರದೇಶದ ಅಗ್ಗದ ಛತ್ರಿಗಳು ಬಂದವು: ಕೆಂಪು, ಹಳದಿ, ಗಿಳಿಹಸಿರು. ಕಡ್ಡಿ ಮುರಿದ ಕರಿಛತ್ರಿ ಹಿಡಿದು ಬರುವವರು ವರ್ಷವರ್ಷಕ್ಕೂ ಕಡಿಮೆಯಾದರು. ಕೊನೆಗೆ ಸಾಬರು ಅಂಗಡಿ ಮುಚ್ಚಿ, ಹೆಂಡತಿ ಶಮೀಮಾರ ತವರು ಗುಂಡ್ಲುಪೇಟೆಗೆ ಹೊರಟರು. "ಆ ಬಣ್ಣದ್ ಛತ್ರೀನ ಸಾಯಗಂಟ ಮುಟ್ಟಲ್ಲ, ಮೇಷ್ಟ್ರೇ" ಎಂದರು. ನಾನು ಅವರ ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿ ಬಂದೆ.

ಈ ಆಷಾಢದಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದೆ. ಗುಂಡ್ಲುಪೇಟೆ ದಾಟಿದ ಮೇಲೆ ಕಣ್ಣು ತುಂಬ ಚೆಂಡುಹೂವಿನ ಹೊಲ, ಬದಿಯಲ್ಲಿ ಸಾಲುಗಟ್ಟಿದ ಕೇರಳದ ಕಾರುಗಳು. ಹೂವಿನ ನಡುವೆ ಹುಡುಗಿಯರು ಬಣ್ಣದ ಛತ್ರಿ ತಿರುಗಿಸುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಛತ್ರಿಗಳನ್ನು ಬಾಡಿಗೆಗೆ ಕೊಡುತ್ತಿದ್ದವರು ನಮ್ಮ ಸಾಬರೇ!

"ಏನ್ ಸಾಬ್ರೇ, ಮುಟ್ಟಲ್ಲ ಅಂದಿದ್ರಿ?"

"ನಾನೆಲ್ಲಿ ತಂದೆ? ಇವ್ಳು ತಂದ್ಬುಟ್ಟು ಕೈಗ್ ಕೊಟ್ಳು" ಎಂದು ನಾಚಿದರು.

ಪಕ್ಕದಲ್ಲಿದ್ದ ಶಮೀಮಾ ನಕ್ಕರು. "ಮೊದ್ಲು ಮುಖ ಊದುಸ್ಕಂಡಿದ್ರು. ಒಂದ್ ಮಗು ಛತ್ರಿ ಇಡ್ಕಂಡ್ ಕುಣೀತು ನೋಡಿ, ಅವತ್ತಿಂದ ಇವ್ರೇ ಮುಂದೆ!"

ಲಾಭ, ನಷ್ಟ ಎರಡೂ ಒಂದೇ ಬಸ್ಸು ಹತ್ತಿ ಬಂದಿದ್ದವೇನೋ. ನಷ್ಟ ಚಾಮರಾಜನಗರದಲ್ಲೇ ಇಳಿದಿತ್ತು. ಲಾಭ ಗುಂಡ್ಲುಪೇಟೆ ತನಕ ಟಿಕೆಟ್ ತೆಗೆದಿತ್ತು.

ಹೊಲದ ಒಡತಿ ಮಹದೇವಮ್ಮ ಟೀ ತಂದುಕೊಟ್ಟರು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಮಳೆ ಬಂತು. ಎಲ್ಲರೂ ಛತ್ರಿಗಳಡಿ ಒತ್ತಿಕೊಂಡು ನಿಂತೆವು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಪಾಠ ಶುರುವಾಯಿತು. ಛತ್ರಿ ಹೊರಗಿನಿಂದ ಬಂತು, ಈ ಹೂವಿನಿಂದ ತೆಗೆದ ಬಣ್ಣ ಹೊರಗೆ ಹೋಗುತ್ತದೆ. ಪರದೇಶದ ಕೋಳಿಗಳ ಮೇವಿಗೆ ಅದನ್ನು ಬೆರೆಸುತ್ತಾರೆ, ಮೊಟ್ಟೆಯೊಳಗಿನ ಹಳದಿ ಕಣ್ಣಿಗೆ ಚೆಂದ ಕಾಣಲಿ ಎಂದು.

"ಅಯ್ಯೋ, ಅಲ್ಲಿ ಕೋಳಿಗೂ ಹೂವಾ?" ಮಹದೇವಮ್ಮ ಬೆರಗಾದರು. ಬದುವಿನಲ್ಲಿ ಮಳೆಗೆ ಮುದುಡಿ ನಿಂತಿದ್ದ ತಮ್ಮ ನಾಟಿಕೋಳಿಗಳತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು: "ಮೆಲ್ಲಗ್ ಹೇಳಿ ಮೇಷ್ಟ್ರೇ, ನಮ್ಮವು ಕೇಳುಸ್ಕಂಡಾವು!"